ಮೀನಿಗೆ ಟ್ಯಾಗ್ ಹಾಕಿದರು, ಮೊಟ್ಟೆಗೆ ಹಾಕಲಾಗಲಿಲ್ಲ: ಟ್ಯಾಸ್ಮೇನಿಯಾದ ಮೌಜಿಯನ್ ಸ್ಕೇಟ್ ಪ್ರಕರಣ

ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ದ್ವೀಪ ರಾಜ್ಯ ಟ್ಯಾಸ್ಮೇನಿಯಾ. ಅದರ ಪಶ್ಚಿಮ ಕರಾವಳಿಯಲ್ಲಿ ಮಕ್ವಾರಿ ಹಾರ್ಬರ್ ಅನ್ನುವ ದೊಡ್ಡ ಹಿನ್ನೀರಿದೆ. ಅಲ್ಲಿ ಮೌಜಿಯನ್ ಸ್ಕೇಟ್ ಅನ್ನುವ ಚಪ್ಪಟೆ ಮೀನೊಂದಿದೆ. ಮಲ್ಪೆ, ಮಂಗಳೂರು ಕಡೆ ತೊರಕೆ ಅಂತಾರಲ್ಲ, ಹೆಚ್ಚುಕಡಿಮೆ ಆ ಬಳಗದ್ದೇ. ಉದ್ದ ಒಂದು ಮೀಟರ್ ಕೂಡ ಆಗುವುದಿಲ್ಲ. ಮೂತಿ ಚೂಪು, ಊಟ ಬಹುಪಾಲು ಏಡಿ, ದಿನದ ಹೆಚ್ಚು ಹೊತ್ತು ತಳದ ಕೆಸರಿಗೆ ಅಂಟಿಕೊಂಡು ಮಲಗಿರುತ್ತದೆ. ಯಾರಿಗೂ ತೊಂದರೆ ಕೊಡದ ಮೀನು. ಆದರೂ 2025ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಸಂಸತ್ತಿನಲ್ಲಿ ಇದೇ ಮೀನಿನ ವಿಷಯಕ್ಕೆ ದೊಡ್ಡ ಗಲಾಟೆ ಆಯಿತು. ಅದೇ ಹಿನ್ನೀರಿನಲ್ಲಿ ಸಾಲ್ಮನ್ ಮೀನನ್ನೂ ಸಾಕುತ್ತಾರೆ, ಜಗಳ ಅದರ ಬಗ್ಗೆ. ಗ್ರೀನ್ಸ್ ಪಕ್ಷದ ಸೆನೆಟರ್ ಸಾರಾ ಹ್ಯಾನ್ಸನ್-ಯಂಗ್ ಸತ್ತ ಸಾಲ್ಮನ್ ಮೀನೊಂದನ್ನು ಸದನಕ್ಕೇ ತಂದು ಎತ್ತಿ ತೋರಿಸಿದರು.

ಆ ದೃಶ್ಯ ಎಲ್ಲ ಕಡೆ ಓಡಾಡಿತು. ನಾನು ಬರೆಯಹೊರಟಿರುವುದು ಅದರ ಹಿಂದೆ ಹತ್ತು ವರ್ಷಕ್ಕೂ ಜಾಸ್ತಿ ಕಾಲ ನಡೆದ ಕೆಲಸದ ಬಗ್ಗೆ. ಈ ಮೀನಿಗೆ ಅಕೌಸ್ಟಿಕ್ ಟ್ಯಾಗ್, ಅಂದರೆ ಶಬ್ದ ಹೊರಡಿಸುವ ಸಣ್ಣ ಸಾಧನ ಹಾಕಿ, ಅದು ಎಲ್ಲಿರುತ್ತದೆ, ಎಷ್ಟು ಆಳದಲ್ಲಿರುತ್ತದೆ, ಯಾವಾಗ ಸಾಯುತ್ತದೆ ಅಂತ ನೋಡಿದ ಕೆಲಸ. ನನ್ನ ಪ್ರಕಾರ ಟ್ಯಾಗ್‌ಗಳು ಕೇಳಿದ ಪ್ರಶ್ನೆಗೆಲ್ಲ ಸರಿಯಾಗೇ ಉತ್ತರ ಕೊಟ್ಟವು. ನಿಜವಾದ ಸಮಸ್ಯೆ ಇದ್ದದ್ದು ಟ್ಯಾಗ್ ಹಾಕಲಾಗದ ಜಾಗದಲ್ಲಿ. ಇದು ಅರ್ಥವಾಗಬೇಕಾದರೆ ಮೊದಲು ಆ ನೀರು ಹೇಗಿದೆ ಅಂತ ತಿಳಿದುಕೊಳ್ಳಬೇಕು.

ನೀರಿನ ಕಥೆ

ಮಕ್ವಾರಿ ಹಾರ್ಬರ್ ವಿಸ್ತಾರದಲ್ಲಿ ಸಿಡ್ನಿ ಹಾರ್ಬರ್‌ನ ಐದಾರು ಪಟ್ಟು ಇದೆ. ಆದರೆ ಸಮುದ್ರದ ಕಡೆ ತೆರೆದಿರುವ ಬಾಯಿ ತೀರಾ ಕಿರಿದು, ಆಳವೂ ಕಡಿಮೆ. ಹೆಸರು ಹೆಲ್ಸ್ ಗೇಟ್ಸ್, ನರಕದ ಬಾಗಿಲು. 1822ರಿಂದ 1833ರವರೆಗೆ ಒಳಗಿನ ಸಾರಾ ದ್ವೀಪದಲ್ಲಿ ಬ್ರಿಟಿಷರು ಕೈದಿಗಳ ಶಿಬಿರ ನಡೆಸಿದ್ದರು, ಅಲ್ಲಿಗೆ ಹೋಗುವವರೆಲ್ಲ ಈ ಬಾಯಿಯನ್ನೇ ದಾಟಬೇಕಿತ್ತು. ನಮ್ಮ ಕರಾವಳಿಯವರಿಗೆ ಅಳಿವೆ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಮರಳು ತುಂಬಿ ಆಳ ಕಡಿಮೆಯಾದ ಅಳಿವೆಯೇ ಇದು, ಒಳಗೆ ಮಾತ್ರ ನೀರು ಐವತ್ತು ಮೀಟರ್ ಹತ್ತಿರ ಆಳಕ್ಕೆ ಹೋಗುತ್ತದೆ.

ಗಾರ್ಡನ್ ಮತ್ತು ಕಿಂಗ್ ಅನ್ನುವ ಎರಡು ನದಿಗಳು ಇದಕ್ಕೆ ಸೇರುತ್ತವೆ. ಕಾಡಿನ ಎಲೆ, ತೊಗಟೆ, ಕೊಳೆತ ಗಿಡದ ರಸ ಬೆರೆತು ನದಿಯ ನೀರು ಕಾಫಿ ಡಿಕಾಕ್ಷನ್ ಥರ ಕಂದು. ಈ ಸಿಹಿನೀರು ಹಗುರ, ಹಾಗಾಗಿ ಮೇಲೆ ತೇಲುತ್ತದೆ. ಉಪ್ಪುನೀರು ಭಾರ, ಕೆಳಗೆ ಕೂರುತ್ತದೆ. ಎರಡೂ ಸುಲಭಕ್ಕೆ ಬೆರೆಯುವುದಿಲ್ಲ. ಮೇಲಿನ ಪದರಕ್ಕೆ ಗಾಳಿಯಿಂದ ಆಮ್ಲಜನಕ ಸಿಗುತ್ತದೆ. ಕೆಳಗಿನದಕ್ಕೆ ಸಿಗುವುದು ಸಮುದ್ರದ ಹೊಸ ನೀರು ಆ ಕಿರಿದಾದ ಬಾಯಿ ದಾಟಿ ಒಳಗೆ ಇಳಿದಾಗ ಮಾತ್ರ, ಮತ್ತು ಅದು ದಿನಾ ಆಗುವ ಕೆಲಸ ಅಲ್ಲ, ನದಿಯ ಹರಿವು ಕಡಿಮೆ ಇದ್ದು, ಗಾಳಿ, ಸಮುದ್ರದ ಮಟ್ಟ ಎಲ್ಲ ಕೂಡಿಬಂದರೆ ಆಗುತ್ತದೆ. ಮೇಲುಗಡೆ ಗಾರ್ಡನ್ ನದಿಗೆ ಜಲವಿದ್ಯುತ್ ಅಣೆಕಟ್ಟು ಬೇರೆ ಕಟ್ಟಿದ್ದಾರೆ, ಹರಿವು ಈಗ ಮಳೆಯ ಲೆಕ್ಕದಲ್ಲಷ್ಟೇ ಇಲ್ಲ, ಕರೆಂಟಿನ ಲೆಕ್ಕವೂ ಸೇರಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ಕ್ವೀನ್ಸ್‌ಟೌನ್‌ನ ಮೌಂಟ್ ಲೈಲ್ ತಾಮ್ರದ ಗಣಿ 1994ರವರೆಗೆ ಸುಮಾರು 10 ಕೋಟಿ ಟನ್ ಗಣಿ ಕೆಸರನ್ನು ಸೀದಾ ನದಿಗೆ ಬಿಟ್ಟಿತ್ತು. ಅದೆಲ್ಲ ಕಿಂಗ್ ನದಿಯ ಮೂಲಕ ಹಾರ್ಬರ್‌ಗೆ ಬಂದು ಕೂತಿದೆ. 1980ರ ದಶಕದಲ್ಲಿ ಸಾಲ್ಮನ್ ಸಾಕಣೆ ಶುರುವಾಯಿತು. ನೀರಿನಲ್ಲಿ ದೊಡ್ಡ ದೊಡ್ಡ ಬಲೆಯ ಪಂಜರ, ಅದರೊಳಗೆ ಮೀನು. 2012ರಲ್ಲಿ ಕೇಂದ್ರ ಸರ್ಕಾರ ಇದನ್ನು ವಿಸ್ತರಿಸಲು ದಾರಿ ಬಿಟ್ಟಿತು. ಪಂಜರದ ಮೀನು ತಿಂದು ಉಳಿಸಿದ ಆಹಾರ, ಮೀನಿನ ಹಿಕ್ಕೆ ಎಲ್ಲ ಕೆಳಗೆ ಬೀಳುತ್ತದೆ. ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ಆಮ್ಲಜನಕ ಬಳಸುತ್ತವೆ. ಮೊದಲೇ ಕಷ್ಟದಲ್ಲಿ ಉಸಿರಾಡುತ್ತಿದ್ದ ಕೆಳಪದರಕ್ಕೆ ಇನ್ನೊಂದು ಖರ್ಚು ಸೇರಿತು. 2009ರ ನಂತರ ಆಳದ ನೀರಿನಲ್ಲಿ ಆಮ್ಲಜನಕ ಇಳಿಯುತ್ತಾ ಬಂದದ್ದು ದಾಖಲಾಗಿದೆ.

ಈ ನೀರಿನ ತಳದಲ್ಲಿ ಮೌಜಿಯನ್ ಸ್ಕೇಟ್ ಇದೆ. ವಿಜ್ಞಾನಿಗಳ ಕಣ್ಣಿಗೆ ಇದು ಬಿದ್ದದ್ದೇ 1988ರಲ್ಲಿ, ಅದೂ ಇಲ್ಲಲ್ಲ, ಇನ್ನಷ್ಟು ದಕ್ಷಿಣದ ಬ್ಯಾಥರ್ಸ್ಟ್ ಹಾರ್ಬರ್‌ನಲ್ಲಿ. ಆಮೇಲೆ ಮಕ್ವಾರಿಯಲ್ಲೂ ಸಿಕ್ಕಿತು. 2004ರಲ್ಲಿ ಕೇಂದ್ರದ ಪರಿಸರ ಕಾನೂನಿನಡಿ ಅಪಾಯದಲ್ಲಿರುವ ಜೀವಿ ಅಂತ ಪಟ್ಟಿಗೆ ಸೇರಿತು. ತಮಾಷೆ ಏನೆಂದರೆ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಬಂದದ್ದು 2007ರಲ್ಲಿ. ಬ್ಯಾಥರ್ಸ್ಟ್‌ನಲ್ಲಿ ದಶಕಗಳಿಂದ ಯಾರೂ ಒಂದು ಮೀನನ್ನೂ ಕಂಡಿಲ್ಲ. ಹಾಗಾಗಿ ಮಕ್ವಾರಿಯಲ್ಲಿ ಹೋದರೆ ಹೋಯಿತು. ಪ್ರಪಂಚದ ಬೇರೆ ಸ್ಕೇಟ್‌ಗಳೆಲ್ಲ ಸಮುದ್ರದಲ್ಲಿರುವಾಗ, ನದಿ ಸಮುದ್ರ ಬೆರೆಯುವ ಇಂಥ ನೀರಿನಲ್ಲೇ ಬದುಕು ಕಟ್ಟಿಕೊಂಡಿರುವ ಸ್ಕೇಟ್ ಇದೊಂದೇ.

ಟ್ಯಾಗ್ ಮಾಡುವ ಕೆಲಸ

ಹುಲಿಗೆ ರೇಡಿಯೊ ಕಾಲರ್ ಹಾಕಿದ ಹಾಗೆ ಮೀನಿಗೂ ಜಿಪಿಎಸ್ ಹಾಕಬಾರದೇ ಅಂತ ಕೇಳಬಹುದು. ಆಗುವುದಿಲ್ಲ. ಉಪ್ಪುನೀರಿನಲ್ಲಿ ರೇಡಿಯೊ ಅಲೆ ಹೆಚ್ಚು ದೂರ ಹೋಗದೆ ಸತ್ತುಹೋಗುತ್ತದೆ. ತಳದಲ್ಲಿ ಮಲಗಿರುವ ಮೀನಿಗೆ ಉಪಗ್ರಹ ಕಾಣುವುದೇ ಇಲ್ಲ. ನೀರಿನಲ್ಲಿ ಚೆನ್ನಾಗಿ ಓಡುವುದು ಶಬ್ದ, ಸೆಕೆಂಡಿಗೆ ಸುಮಾರು 1,500 ಮೀಟರ್. ಹಾಗಾಗಿ ಟ್ಯಾಗ್ ಶಬ್ದ ಮಾಡುತ್ತದೆ.

ಟ್ಯಾಗ್ ಅಂದರೆ ಒಂದು ಸಣ್ಣ ಕೊಳವೆ. ಈ ಗಾತ್ರದ ಮೀನಿಗೆ ಸಾಮಾನ್ಯವಾಗಿ 13 ಅಥವಾ 16 ಮಿಲಿಮೀಟರ್ ದಪ್ಪದ್ದು ಬಳಸುತ್ತಾರೆ. ಒಳಗೆ ಬ್ಯಾಟರಿ, ಶಬ್ದ ಹೊರಡಿಸುವ ಸಾಧನ, ಬೇಕಾದರೆ ಆಳ ಅಳೆಯುವ ಸೆನ್ಸರ್. ಬಹಳ ಕಡೆ ಬಳಕೆಯಲ್ಲಿರುವುದು 69 ಕಿಲೋಹರ್ಟ್ಸ್. ನಮ್ಮ ಕಿವಿಗೆ 20 ಕಿಲೋಹರ್ಟ್ಸ್ ಮೇಲಿನದ್ದು ಕೇಳುವುದೇ ಇಲ್ಲ, ಹಾಗಾಗಿ ದೋಣಿಯಲ್ಲಿ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಟ್ಯಾಗ್ ಸುಮ್ನೆ ಕೂಗುವುದೂ ಇಲ್ಲ. ಕೆಲವು ಸೆಕೆಂಡಿನಲ್ಲಿ ಸಾಲಾಗಿ ಒಂದಿಷ್ಟು ಟಿಕ್ ಟಿಕ್ ಹೊರಡಿಸುತ್ತದೆ. ಎರಡು ಟಿಕ್‌ಗಳ ನಡುವಿನ ಅಂತರದಲ್ಲೇ ಈ ಮೀನು ಯಾವುದು, ಈಗ ಎಷ್ಟು ಆಳದಲ್ಲಿದೆ ಅನ್ನುವ ಮಾಹಿತಿ ಇರುತ್ತದೆ. ಆಮೇಲೆ ಒಂದೆರಡು ನಿಮಿಷ ಸುಮ್ಮನಿರುತ್ತದೆ. ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದನ್ನು ಬೇಕೆಂದೇ ಏರುಪೇರು ಮಾಡಿರುತ್ತಾರೆ. ಇಲ್ಲದಿದ್ದರೆ ಪಕ್ಕಪಕ್ಕದಲ್ಲಿರುವ ಎರಡು ಮೀನು ಪ್ರತಿ ಸಲವೂ ಒಟ್ಟಿಗೇ ಕೂಗಿ, ಯಾರ ಮಾತೂ ಯಾರಿಗೂ ಕೇಳದ ಹಾಗಾಗುತ್ತದೆ.

ಕೇಳಿಸಿಕೊಳ್ಳುವುದಕ್ಕೆ ರಿಸೀವರ್. ಭಾರ ಕಟ್ಟಿ, ಹಗ್ಗಕ್ಕೆ ಬಿಗಿದು, ಹಾರ್ಬರ್‌ನ ಬೇರೆ ಬೇರೆ ಕಡೆ ನೀರಿನಲ್ಲಿ ಇಳಿಬಿಡುತ್ತಾರೆ. ಟ್ಯಾಗ್ ಇರುವ ಮೀನು ಕೆಲವು ನೂರು ಮೀಟರ್ ಒಳಗೆ ಬಂದರೆ ಯಾವ ಮೀನು, ಯಾವ ಸಮಯ, ಎಷ್ಟು ಆಳ ಅಂತ ಬರೆದಿಟ್ಟುಕೊಳ್ಳುತ್ತದೆ. ಈ ಮಾಹಿತಿ ಮೊಬೈಲಿಗೆ ಮೆಸೇಜಾಗಿ ಬರುವುದಿಲ್ಲ. ತಿಂಗಳುಗಳ ನಂತರ ದೋಣಿಯಲ್ಲಿ ಹೋಗಿ, ರಿಸೀವರ್ ಎತ್ತಿ, ಅದರ ಮೇಲೆ ಬೆಳೆದ ಪಾಚಿ, ಚಿಪ್ಪು ಕೆರೆದು, ಬ್ಲೂಟೂತಿನಲ್ಲಿ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಕು. ಬ್ಯಾಟರಿ ಬದಲಿಸಿ ಮತ್ತೆ ಇಳಿಬಿಡಬೇಕು. ಹಗ್ಗ ಹರಿದುಹೋಗಿದ್ದರೆ ಅಷ್ಟು ತಿಂಗಳ ಕಥೆ ತಳದಲ್ಲೇ ಉಳಿಯಿತು.

ಇನ್ನೊಂದು ತಲೆನೋವು ಇದೆ. ಸಿಹಿನೀರು, ಉಪ್ಪುನೀರಿನ ಪದರ ಸೇರುವ ಕಡೆ ಶಬ್ದ ಬಾಗುತ್ತದೆ. ಮೇಲಿನ ಪದರದಲ್ಲಿರುವ ರಿಸೀವರಿಗೆ ಕೆಳಗಿನ ಪದರದ ಟ್ಯಾಗ್ ಸರಿಯಾಗಿ ಕೇಳದೇ ಹೋಗಬಹುದು. ಮೀನು ಕೆಸರಿನಲ್ಲಿ ಹುದುಗಿದ್ದರೆ ಶಬ್ದ ಇನ್ನೂ ಮಂದ. ಆದ್ದರಿಂದ ರಿಸೀವರಿನಲ್ಲಿ ಸದ್ದಿಲ್ಲ ಅಂದರೆ ಮೀನಿಲ್ಲ ಅಂತ ಅರ್ಥ ಅಲ್ಲ. ಹಾಗೇ ಒಂದೇ ಒಂದು ಸಲ ಕೇಳಿಬಂದ ಸದ್ದನ್ನು ನಂಬುವುದೂ ಇಲ್ಲ. ಎರಡು ಟ್ಯಾಗ್‌ಗಳ ಟಿಕ್‌ಗಳು ಬೆರೆತು, ಇಲ್ಲದ ಮೂರನೇ ಮೀನು ಹುಟ್ಟಿಕೊಳ್ಳುವುದು ಈ ಕೆಲಸದಲ್ಲಿ ಮಾಮೂಲು.

ಮೊದಲ ಸುತ್ತು: ಸಮಾಧಾನದ ಸುದ್ದಿ

ಟ್ಯಾಸ್ಮೇನಿಯಾ ವಿಶ್ವವಿದ್ಯಾಲಯದ ಸಾಗರ ಮತ್ತು ಅಂಟಾರ್ಕ್ಟಿಕ್ ಅಧ್ಯಯನ ಸಂಸ್ಥೆ, ಎಲ್ಲರೂ ಐಮಾಸ್ ಅಂತಲೇ ಕರೆಯುತ್ತಾರೆ, 2012ರ ಹೊತ್ತಿಗೆ ಈ ಕೆಲಸ ಕೈಗೆತ್ತಿಕೊಂಡಿತು. ಜಸ್ಟಿನ್ ಬೆಲ್, ಜೆರೆಮಿ ಲೈಲ್, ಜೇಸನ್ ಸೆಮೆನ್ಸ್ ಮುಂತಾದವರ ತಂಡ. ಪ್ರಶ್ನೆ ಸರಳವಾಗಿತ್ತು. ಈ ಮೀನು ಹಾರ್ಬರ್‌ನ ಯಾವ ಭಾಗ ಬಳಸುತ್ತದೆ? ಮೀನುಗಾರರ ಬಲೆಗೂ ಸಾಲ್ಮನ್ ಪಂಜರಕ್ಕೂ ಅದಕ್ಕೂ ಏನು ಸಂಬಂಧ?

ಬಂದ ಉತ್ತರ ಸ್ಪಷ್ಟವಾಗಿತ್ತು. ಮೀನುಗಳು ಹೆಚ್ಚು ಕಾಲ ಕಳೆಯುವುದು ಸುಮಾರು 5ರಿಂದ 15 ಮೀಟರ್ ಆಳವಿರುವ ಕಡೆಯ ತಳದಲ್ಲಿ. ಬಹಳ ದೂರ ಅಲೆಯುವುದೂ ಇಲ್ಲ, ಪ್ರತಿಯೊಂದಕ್ಕೂ ತನ್ನದೇ ಸಣ್ಣ ಪ್ರದೇಶ ಇದೆ, ಅಲ್ಲೇ ಸುತ್ತುತ್ತಿರುತ್ತದೆ. ಆಗಾಗ ಆಳಕ್ಕೆ ಇಳಿದು ಬರುವುದುಂಟು, ಆದರೆ ವಾಸ ಅಲ್ಲಲ್ಲ. ಹಿಡಿದು, ಗುರುತು ಹಾಕಿ, ಬಿಟ್ಟು, ಮತ್ತೆ ಹಿಡಿಯುವ ಲೆಕ್ಕದಿಂದ ಒಟ್ಟು ಸಂಖ್ಯೆ ಸುಮಾರು 3,000 ಇರಬಹುದು ಅಂತ ಅಂದಾಜು ಮಾಡಿದರು.

ಈ ಮಾಹಿತಿಯಿಂದ ತಕ್ಷಣ ಉಪಯೋಗ ಆದದ್ದು ಬಲೆಯ ವಿಷಯದಲ್ಲಿ. ಹವ್ಯಾಸಕ್ಕೆ ಮೀನು ಹಿಡಿಯುವವರು ಅಲ್ಲಿ ಗಿಲ್‌ನೆಟ್, ಅಂದರೆ ಮೀನು ಬಂದು ಕಣ್ಣಿಗೆ ಸಿಕ್ಕಿಹಾಕಿಕೊಳ್ಳುವ ಬಲೆ, ಬಿಡುತ್ತಿದ್ದರು. ರಾತ್ರಿಯಿಡೀ ಬಿಟ್ಟ ಬಲೆಗೆ ಸಿಕ್ಕಿದ ಸ್ಕೇಟ್ ಬೆಳಗಾಗುವಷ್ಟರಲ್ಲಿ ಸಾಯುವ ಸಾಧ್ಯತೆ ಹೆಚ್ಚು. ಬಲೆ ಬಿಡುವ ಆಳ, ಮೀನು ಇರುವ ಆಳ ಎರಡೂ ಒಂದರ ಮೇಲೊಂದು ಬರುತ್ತವೆ ಅಂತ ಟ್ಯಾಗ್ ತೋರಿಸಿದ ಮೇಲೆ ವಾದ ಮಾಡುವುದಕ್ಕೆ ಜಾಗ ಉಳಿಯಲಿಲ್ಲ. ಬಲೆಗೆ ನಿರ್ಬಂಧಗಳು ಬಂದವು. ಒಬ್ಬ ಹವ್ಯಾಸಿಯ ಬಲೆ ನಿಲ್ಲಿಸುವುದು ಒಂದು ಉದ್ಯಮವನ್ನು ನಿಲ್ಲಿಸುವುದಕ್ಕಿಂತ ಸುಲಭ ಅನ್ನುವುದನ್ನೂ ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಆದರೆ ಅದೇ ಮಾಹಿತಿಗೆ ಇನ್ನೊಂದು ಓದು ಇತ್ತು. ಆಮ್ಲಜನಕ ಕಡಿಮೆ ಇರುವುದು ಆಳದಲ್ಲಿ. ಸ್ಕೇಟ್ ಇರುವುದು ಅದಕ್ಕಿಂತ ಮೇಲೆ. ಹಾಗಾದರೆ ಸ್ಕೇಟ್‌ಗೆ ತಕ್ಷಣದ ಅಪಾಯ ಇಲ್ಲ, ಅಲ್ವಾ? ಸ್ಕೇಟ್‌ಗೆ ಕಡಿಮೆ ಆಮ್ಲಜನಕವನ್ನು ತಡೆದುಕೊಳ್ಳುವ ಶಕ್ತಿಯೂ ಸ್ವಲ್ಪ ಜಾಸ್ತಿಯೇ ಇದೆ ಅಂತ ಆಮೇಲಿನ ಪ್ರಯೋಗಗಳೂ ಹೇಳಿದವು. ಎಲ್ಲ ಸೇರಿ ನೋಡಿದರೆ ಚಿತ್ರ ಅಷ್ಟೇನೂ ಕೆಟ್ಟದಾಗಿ ಕಾಣುತ್ತಿರಲಿಲ್ಲ. ಇದರಲ್ಲಿ ಸುಳ್ಳು ಏನೂ ಇಲ್ಲ. ಟ್ಯಾಗ್ ಹೊತ್ತ ದೊಡ್ಡ ಮೀನಿನ ಮಟ್ಟಿಗೆ, ಮಾಮೂಲಿ ದಿನದ ಮಟ್ಟಿಗೆ, ಅದೆಲ್ಲ ನಿಜ.

2019: ಗೆರೆ ಚಪ್ಪಟೆಯಾದಾಗ

ಮುಂದಿನ ಸುತ್ತಿನ ಕೆಲಸದಲ್ಲಿ, ಡೇವಿಡ್ ಮೊರೆನೊ ಮತ್ತು ಸಂಗಡಿಗರು ಟ್ಯಾಗ್ ಜೊತೆ ನೀರಿನ ಆಮ್ಲಜನಕವನ್ನೂ ಒಟ್ಟಿಗೆ ನೋಡುತ್ತಿದ್ದಾಗ, ಮಾಮೂಲಿ ಅಲ್ಲದ ದಿನಗಳೂ ಬಂದವು. 2019ರಲ್ಲಿ ಜೋರು ಬಿರುಗಾಳಿ ಬೀಸಿತು. ಗಾಳಿ ಮೇಲಿನ ನೀರನ್ನು ಒಂದು ಕಡೆ ತಳ್ಳಿದರೆ, ಆ ಜಾಗ ತುಂಬಲು ಇನ್ನೊಂದು ಕಡೆ ಕೆಳಗಿನ ನೀರು ಮೇಲೇಳುತ್ತದೆ. ಮೇಲೆದ್ದದ್ದು ಆಮ್ಲಜನಕ ಬತ್ತಿದ ಆ ಆಳದ ನೀರೇ. ಸ್ಕೇಟ್ ಸುರಕ್ಷಿತವಾಗಿರುತ್ತದೆ ಅಂದುಕೊಂಡಿದ್ದ ಆಳಕ್ಕೇ ಅದು ಬಂತು. ಆ ವರ್ಷ ಇಂಥ ಎರಡು ಘಟನೆಗಳಲ್ಲಿ ಟ್ಯಾಗ್ ಹಾಕಿದ್ದ ಮೀನುಗಳಲ್ಲಿ ದೊಡ್ಡದೊಂದು ಪಾಲು ಸತ್ತವು.

ಸತ್ತದ್ದು ಹೇಗೆ ಗೊತ್ತಾಗುತ್ತದೆ? ಯಾರೂ ಹೆಣ ನೋಡಿಲ್ಲ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ ಇದು. ಆಳದ ಸೆನ್ಸರ್ ಇರುವ ಟ್ಯಾಗ್‌ನ ಮಾಹಿತಿಯನ್ನು ಗ್ರಾಫ್ ಮಾಡಿದರೆ ಸಮಯ ಎಡದಿಂದ ಬಲಕ್ಕೆ, ಆಳ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಬರುತ್ತದೆ. ಬದುಕಿರುವ ಮೀನಿನ ಗೆರೆ ಯಾವತ್ತೂ ನೇರ ಇರುವುದಿಲ್ಲ. ಇಳಿಜಾರಿನಲ್ಲಿ ಸ್ವಲ್ಪ ಮೇಲೆ ಹೋಗುತ್ತದೆ, ಸ್ವಲ್ಪ ಕೆಳಗೆ ಬರುತ್ತದೆ, ಗಂಟೆಗಟ್ಟಲೆ ಒಂದೇ ಕಡೆ ಮಲಗುತ್ತದೆ, ಮತ್ತೆ ಹೊರಡುತ್ತದೆ. ಸತ್ತ ಮೀನಿನ ಗೆರೆ ಒಂದು ಆಳಕ್ಕೆ ಬಂದು ನಿಂತುಬಿಡುತ್ತದೆ. ಟ್ಯಾಗ್‌ಗೆ ಇದು ಗೊತ್ತಾಗುವುದಿಲ್ಲ. ಅದರ ಪಾಡಿಗೆ ಅದು ಎರಡೆರಡು ನಿಮಿಷಕ್ಕೆ ಅದೇ ಆಳವನ್ನು ಕೂಗುತ್ತಲೇ ಇರುತ್ತದೆ, ಬ್ಯಾಟರಿ ಮುಗಿಯುವವರೆಗೆ.

ತೊಡಕು ಏನೆಂದರೆ ಸ್ಕೇಟ್ ಮೊದಲೇ ಸೋಮಾರಿ. ಒಂದು ದಿನದ ಚಪ್ಪಟೆ ಗೆರೆ ಸಾವಲ್ಲ, ನಿದ್ದೆ ಇರಬಹುದು. ಆದ್ದರಿಂದ ಒಂದು ಮೀನಿನ ಗೆರೆ ನೋಡಿ ತೀರ್ಮಾನಿಸುವ ಹಾಗಿಲ್ಲ, ವಾರಗಟ್ಟಲೆ ಕಾಯಬೇಕು. ಟ್ಯಾಗ್ ಹಾಕಿದ ಗಾಯದಿಂದಲೇ ಮೀನು ಸಾಯಬಹುದು, ಹಾಗಾಗಿ ಬಿಟ್ಟ ಹೊಸದರಲ್ಲಿ ಸತ್ತವನ್ನು ಬೇರೆಯೇ ಲೆಕ್ಕ ಹಾಕಬೇಕು. ಟ್ಯಾಗ್ ಕಳಚಿ ಬಿದ್ದಿದ್ದರೂ ಗೆರೆ ಚಪ್ಪಟೆಯೇ. ಇಷ್ಟೆಲ್ಲ ಅನುಮಾನ ಕಳೆದ ಮೇಲೂ ಉಳಿಯುವುದು ಒಂದು ವಿಷಯ: ಬೇರೆ ಬೇರೆ ಜಾಗದಲ್ಲಿದ್ದ, ತಿಂಗಳುಗಳ ಕಾಲ ಚೆನ್ನಾಗಿದ್ದ ಹಲವು ಮೀನುಗಳ ಗೆರೆ ಒಂದೇ ಹೊತ್ತಿಗೆ ನಿಂತದ್ದು, ಅದೇ ಹೊತ್ತಿಗೆ ಆಮ್ಲಜನಕದ ಸಾಧನಗಳೂ ಕುಸಿತ ತೋರಿಸಿದ್ದು. ಇದನ್ನು ಕಾಕತಾಳೀಯ ಅಂತ ತಳ್ಳಿಹಾಕಲು ಧೈರ್ಯ ಬೇಕು.

ಟ್ಯಾಗ್ ಇಲ್ಲದೇ ಹೋಗಿದ್ದರೆ ಈ ಸಾವುಗಳು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಡಿಕಾಕ್ಷನ್ ಬಣ್ಣದ ನೀರಿನ ತಳದಲ್ಲಿ ಸತ್ತ ಮೀನನ್ನು ಯಾರು ನೋಡುತ್ತಾರೆ?

ಮೊಟ್ಟೆ

ತೊರಕೆಗಳು ಮರಿ ಹಾಕುತ್ತವೆ. ಸ್ಕೇಟ್‌ಗಳು ಹಾಗಲ್ಲ, ಮೊಟ್ಟೆ ಇಡುತ್ತವೆ. ಮೂಲೆಗಳಲ್ಲಿ ಕೊಂಬಿನಂಥ ಚಾಚು ಇರುವ ಗಟ್ಟಿ ಕೋಶವನ್ನು ತಳದಲ್ಲಿ ಬಿಟ್ಟು ತಾಯಿ ಹೊರಟುಹೋಗುತ್ತದೆ. ಕಾವು ಇಲ್ಲ, ಕಾವಲು ಇಲ್ಲ. ಒಳಗಿನ ಮರಿ ಬೆಳೆದು ಹೊರಬರಲು ಸುಮಾರು ಏಳು ತಿಂಗಳು. ಕೋಶದ ಸೀಳುಗಳ ಮೂಲಕ ಒಳಗೆ ಬರುವ ನೀರಿನಿಂದಲೇ ಅಷ್ಟು ದಿನ ಉಸಿರಾಟ.

ಈಗ ಟ್ಯಾಗ್ ತೋರಿಸಿದ್ದ ಆ ಸಣ್ಣ ವಿವರಕ್ಕೆ ಬನ್ನಿ. ಆಗಾಗ ಆಳಕ್ಕೆ ಇಳಿದು ಬರುತ್ತವೆ ಅಂತ ಹೇಳಿದೆನಲ್ಲ. ಮೊಟ್ಟೆಗಳನ್ನು ಹುಡುಕಿದಾಗ ಅವು ಸಿಕ್ಕಿದ್ದು 20 ಮೀಟರಿಗಿಂತ ಕೆಳಗಿನ ಆಳದಲ್ಲಿ. ಆಮ್ಲಜನಕ ಕಡಿಮೆಯಾಗುತ್ತಾ ಬಂದಿರುವುದೂ ಅಲ್ಲೇ. ತಾಯಿ ಅಲ್ಲಿ ಸ್ವಲ್ಪ ಹೊತ್ತು ಇದ್ದು ಮೇಲೆ ಬರುತ್ತದೆ, ತಡೆದುಕೊಳ್ಳುತ್ತದೆ. ಮೊಟ್ಟೆ ಏಳು ತಿಂಗಳು ಅಲ್ಲೇ ಇರಬೇಕು. ಬಿರುಗಾಳಿ ಬರಲಿ, ನೀರು ಕೆಡಲಿ, ಅದಕ್ಕೆ ಎದ್ದು ಹೋಗಲು ಕಾಲಿಲ್ಲ, ರೆಕ್ಕೆಯಿಲ್ಲ.

ಮೊಟ್ಟೆ ಎಲ್ಲಿಗೂ ಹೋಗುವುದಿಲ್ಲವಾದ್ದರಿಂದ ಅದಕ್ಕೆ ಟ್ಯಾಗ್ ಹಾಕಿ ಪ್ರಯೋಜನವಿಲ್ಲ. ಮರಿಗೂ ಕಷ್ಟ. ಟ್ಯಾಗ್‌ನ ತೂಕ ಮೀನಿನ ತೂಕದ 2% ದಾಟಬಾರದು ಅನ್ನುವುದು ಈ ಕೆಲಸದವರೆಲ್ಲ ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಳತೆ. ಹೊಸದಾಗಿ ಹೊರಬಂದ ಮರಿಗೆ ಆಳದ ಸೆನ್ಸರ್, ವರ್ಷಗಟ್ಟಲೆ ಬಾಳುವ ಬ್ಯಾಟರಿ ಇರುವ ಟ್ಯಾಗ್ ಹೊರಿಸುವ ಹಾಗಿಲ್ಲ. ಹೀಗಾಗಿ ಟ್ಯಾಗ್‌ಗಳಿಂದ ಬಂದ ಇಷ್ಟೂ ಮಾಹಿತಿ ಆ ಏಳು ತಿಂಗಳನ್ನೂ, ಅದರ ಮುಂದಿನ ಬಾಲ್ಯವನ್ನೂ ದಾಟಿ ಬಂದು ದೊಡ್ಡದಾದ ಮೀನುಗಳದ್ದು. ದಾಟದೇ ಹೋದವುಗಳ ಬಗ್ಗೆ ಅದರಲ್ಲಿ ಒಂದು ಸದ್ದೂ ಇಲ್ಲ. ಇದನ್ನು ಸಂಶೋಧಕರ ತಪ್ಪು ಅನ್ನಲಾಗದು, ಅವರೇ ಮೊಟ್ಟೆ ಹುಡುಕಿಕೊಂಡು ಹೋದವರು. ಆದರೆ ಟ್ಯಾಗ್‌ನ ನಕ್ಷೆಯನ್ನಷ್ಟೇ ತೋರಿಸಿ, ಮೀನು ಇಲ್ಲಿದೆ, ಪಂಜರದ ಪರಿಣಾಮ ಅಲ್ಲಿದೆ, ಎರಡಕ್ಕೂ ಸಂಬಂಧ ಇಲ್ಲ ಅಂತ ಯಾರಾದರೂ ವಾದಿಸಿದರೆ ಅದನ್ನು ಒಪ್ಪಬಾರದು. ನಕ್ಷೆ ದೊಡ್ಡವರದ್ದು, ಪರಿಣಾಮ ಮೊಟ್ಟೆಯ ಮೇಲೆ.

ಲೆಕ್ಕ ಹೊರಬಂದ ಮೇಲೆ

ಮೊಟ್ಟೆಯ ನಷ್ಟ ಎಣಿಕೆಯಲ್ಲಿ ಕಾಣಿಸಿಕೊಳ್ಳಲು ವರ್ಷಗಳು ಬೇಕು. 2023ರ ಮೇ ತಿಂಗಳಲ್ಲಿ ಐಮಾಸ್ ವರದಿ ಬಂತು. ಒಂದೇ ರೀತಿಯ ಬಲೆ ಬಿಟ್ಟು, ಪ್ರತಿ ಸಲ ಎಷ್ಟು ಸ್ಕೇಟ್ ಸಿಕ್ಕಿತು ಅಂತ ಹೋಲಿಸಿದ ಲೆಕ್ಕ. 2014ಕ್ಕೂ 2021ಕ್ಕೂ ನಡುವೆ 47% ಇಳಿಕೆ. ಅದಕ್ಕಿಂತ ಹೆದರಿಸಿದ್ದು ಸಣ್ಣ ಮೀನುಗಳ ಕೊರತೆ. ಬಲೆಗೆ ಬಿದ್ದವು ಬಹುತೇಕ ದೊಡ್ಡವು. ಹೊಸ ತಲೆಮಾರು ಬರುತ್ತಿಲ್ಲ ಅನ್ನುವುದಕ್ಕೆ ಇದಕ್ಕಿಂತ ನೇರ ಸೂಚನೆ ಬೇಕಿಲ್ಲ.

ಅದೇ ವರ್ಷ ಕೇಂದ್ರದ ಸಂರಕ್ಷಣಾ ಸಲಹಾ ದಾಖಲೆ ಸಾಲ್ಮನ್ ಸಾಕಣೆಯ ಕಡೆಗೇ ಬೆರಳು ತೋರಿಸಿತು. ಪಂಜರದ ಮೀನಿನ ಪ್ರಮಾಣ, ಆಹಾರ ಸುರಿಯುವುದು ಎರಡನ್ನೂ ಗಣನೀಯವಾಗಿ ಇಳಿಸುವುದೇ ಬೇಗ ಫಲ ಕೊಡುವ ದಾರಿ ಅಂತ ಅದರ ಸಾರ. ಸಾಕುವ ಮೀನಿನ ಮಿತಿಯನ್ನು ಅದಕ್ಕೂ ಮೊದಲೇ ಹಂತ ಹಂತವಾಗಿ 9,500 ಟನ್‌ಗೆ ಇಳಿಸಿದ್ದರು. ಒಂದು ಕಾಲದಲ್ಲಿ ಅದು 20,000 ಟನ್ ದಾಟಿತ್ತು. ಉದ್ಯಮದವರ ವಾದ ಅಲ್ಲಿಂದಲೇ ಶುರು: ನಾವು ಈಗಾಗಲೇ ಇಳಿಸಿದ್ದೇವೆ, ಗಣಿ, ಅಣೆಕಟ್ಟು, ಹವಾಮಾನ ಬದಲಾವಣೆ ಎಲ್ಲ ಬಿಟ್ಟು ನಮ್ಮನ್ನೇ ಯಾಕೆ ಹಿಡಿಯುತ್ತೀರಿ. ಇದರಲ್ಲಿ ಅರ್ಧ ನಿಜ ಇದೆ. ಆಮ್ಲಜನಕ ಕುಸಿಯಲು ಕಾರಣ ಒಂದಲ್ಲ. ಆದರೆ ಬೇಗ ಬದಲಿಸಬಹುದಾದದ್ದು ಯಾವುದು ಅಂತ ಕೇಳಿದರೆ, ತಳದಲ್ಲಿ ಕೂತ 10 ಕೋಟಿ ಟನ್ ಕೆಸರನ್ನು ಎತ್ತುವುದಕ್ಕಿಂತ ಪಂಜರಕ್ಕೆ ಸುರಿಯುವ ಆಹಾರ ಕಡಿಮೆ ಮಾಡುವುದು ಸುಲಭ ಅನ್ನುವುದು ಯಾರಿಗಾದರೂ ಕಾಣುತ್ತದೆ.

ಹಾರ್ಬರ್ ದಡದ ಸ್ಟ್ರಾನ್ ಅನ್ನುವ ಸಣ್ಣ ಊರಿನ ಜನರ ಮಾತನ್ನೂ ತಳ್ಳಿಹಾಕುವ ಹಾಗಿಲ್ಲ. ಪ್ರವಾಸೋದ್ಯಮ ಬಿಟ್ಟರೆ ಅಲ್ಲಿ ಕೆಲಸ ಇರುವುದು ಸಾಲ್ಮನ್‌ನಲ್ಲೇ.

2023ರ ಕೊನೆಯಲ್ಲಿ ಪರಿಸರ ಸಚಿವೆಯಾಗಿದ್ದ ತಾನ್ಯಾ ಪ್ಲಿಬರ್ಸೆಕ್ ಸಾಕಣೆ ವಿಸ್ತರಿಸಲು ದಾರಿ ಬಿಟ್ಟ 2012ರ ಆ ಹಳೆಯ ತೀರ್ಮಾನವನ್ನು ಮರುಪರಿಶೀಲಿಸಲು ಶುರು ಮಾಡಿದರು. ಅದೇ ಡಿಸೆಂಬರ್‌ನಲ್ಲಿ ಐಮಾಸ್ ನಾಲ್ಕು ದೊಡ್ಡ ಸ್ಕೇಟ್‌ಗಳನ್ನೂ ಒಂದಿಷ್ಟು ಮೊಟ್ಟೆಗಳನ್ನೂ ಹಾರ್ಬರ್‌ನಿಂದ ತಂದು ತೊಟ್ಟಿಯಲ್ಲಿ ಸಾಕಲು ಹೊರಟಿತು. ದೊಡ್ಡವುಗಳಲ್ಲಿ ಎರಡು ಬೇಗನೇ ಸತ್ತವು. ಬದುಕಿದ ಹೆಣ್ಣು ತೊಟ್ಟಿಯಲ್ಲೇ ಮೊಟ್ಟೆ ಇಟ್ಟಿತು, 2024ರಲ್ಲಿ ಅದರಿಂದ ಮರಿಯೂ ಹೊರಬಂತು. ಹಾರ್ಬರ್‌ನಲ್ಲಿ ಇನ್ನೊಂದು ಪ್ರಯೋಗ: ದೋಣಿಯ ಮೇಲೆ ಯಂತ್ರ ಕೂರಿಸಿ, ಆಳದ ನೀರಿಗೆ ಆಮ್ಲಜನಕ ಬೆರೆಸುವುದು. ಹಿನ್ನೀರಿಗೇ ಆಕ್ಸಿಜನ್ ಹಾಕುವ ಕಾಲ ಬಂತು ನೋಡಿ. ಆಮ್ಲಜನಕ ಅಳೆದು ನೋಡಿದರೆ ಫಲ ಕಾಣಬಹುದು. ಆದರೆ ಯಂತ್ರ ನಿಲ್ಲಿಸಿದ ದಿನ ಏನಾಗುತ್ತದೆ ಅನ್ನುವುದಕ್ಕೆ ಅದರಲ್ಲಿ ಉತ್ತರ ಇಲ್ಲ.

2025ರ ಮಾರ್ಚ್‌ನಲ್ಲಿ, ಚುನಾವಣೆ ಹೊಸ್ತಿಲಲ್ಲಿದ್ದಾಗ, ಸಂಸತ್ತು ಪರಿಸರ ಕಾನೂನಿಗೆ ತಿದ್ದುಪಡಿ ತಂದಿತು. ಈ ಥರದ ಹಳೆಯ ತೀರ್ಮಾನಗಳನ್ನು ಸಚಿವರು ಮತ್ತೆ ತೆರೆಯುವ ಅಧಿಕಾರವನ್ನು ಅದು ಕಟ್ಟಿಹಾಕಿತು. ಸತ್ತ ಸಾಲ್ಮನ್ ಸದನಕ್ಕೆ ಬಂದದ್ದು ಆ ದಿನಗಳಲ್ಲೇ.

ಇದಕ್ಕೆ ಸ್ವಲ್ಪ ಮೊದಲು, ಫೆಬ್ರವರಿಯಲ್ಲಿ, ಐಮಾಸ್‌ನ ಹೊಸ ಲೆಕ್ಕ ಬಂದಿತ್ತು. ಬಲೆಗೆ ಸಿಗುವ ಸ್ಕೇಟ್‌ಗಳು 2014ರ ಮಟ್ಟಕ್ಕೆ ಹತ್ತಿರ ಬಂದಿವೆ, ಸಣ್ಣ ಮೀನುಗಳೂ ಕಾಣಿಸುತ್ತಿವೆ ಅಂತ. ಉದ್ಯಮದವರು ಇದನ್ನು ಗೆಲುವು ಅಂತ ಹಿಡಿದುಕೊಂಡರು. ವರದಿ ಬರೆದವರು ಮಾತ್ರ ಎಚ್ಚರಿಕೆಯಿಂದಲೇ ಮಾತಾಡಿದರು. ನಾನೂ ಇದನ್ನು ಒಳ್ಳೆ ಸುದ್ದಿ ಅಂತಲೇ ಓದುತ್ತೇನೆ, ಪಂಜರದ ಮೀನು ಕಡಿಮೆಯಾದ ಮೇಲಿನ ವರ್ಷಗಳ ಮೊಟ್ಟೆಗಳೇ ಈ ಸಣ್ಣ ಮೀನುಗಳಾಗಿರಬಹುದು ಅನ್ನುವ ಲೆಕ್ಕಾಚಾರವೂ ಮನಸ್ಸಿಗೆ ಬರುತ್ತದೆ, ಆದರೆ ಅದು ನನ್ನ ಊಹೆ. ಒಂದು ವಿಷಯ ಮಾತ್ರ ಊಹೆ ಅಲ್ಲ. ಹೋಲಿಕೆಗೆ ಇಟ್ಟುಕೊಂಡಿರುವ ವರ್ಷ 2014. ಆಳದ ನೀರಿನಲ್ಲಿ ಆಮ್ಲಜನಕ ಇಳಿಯಲು ಶುರುವಾಗಿದ್ದು 2009. ಅಂದರೆ ನಾವು ಆರೋಗ್ಯದ ಅಳತೆಗೋಲು ಅಂತ ಹಿಡಿದಿರುವುದೇ ಐದು ವರ್ಷ ಆಗಲೇ ಕಾಯಿಲೆ ಬಿದ್ದಿದ್ದ ನೀರಿನ ಮೀನುಗಳನ್ನು. ಟ್ಯಾಗ್ ಹಾಕುವ ಕೆಲಸ ಶುರುವಾದದ್ದೇ 2012ರ ಹೊತ್ತಿಗೆ, ಹಾಗಾಗಿ ಅದಕ್ಕಿಂತ ಮೊದಲು ಎಷ್ಟಿದ್ದವು ಅಂತ ಕೇಳಿದರೆ ತೋರಿಸಲು ಯಾರ ಬಳಿಯೂ ಒಂದು ಗೆರೆ ಇಲ್ಲ.